ದಿಮ್ಮಿ ಕೊಟ್ಟ ಮಂಚ

ಲೇವಾರ್ಡನ್ ಊರಿನ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಗೆ ಸರದಿ ಕಾಯುತ್ತಿದ್ದ ಹಿಲ್ಕೆ ಪತ್ರಿಕೆ ಬಿಡಿಸಿಕೊಂಡಿದ್ದಳಾದರೂ ಕಿವಿಯೆಲ್ಲ ಪಕ್ಕದ ತಾಯಿ ಮಗಳ ಕಡೆಗೇ ಇತ್ತು. ತುಂಬು ಬಸುರಿ ಮಗಳು ಹಣೆ ಒತ್ತಿಕೊಂಡು ಕೂತಿದ್ದಳು.

"ಫೆನ್ನಾ, ತಲೆನೋವಿನ ಸುದ್ದಿ ಎತ್ಬೇಡ. ಬಿಪಿ ಜಾಸ್ತಿ ಅಂತ ಆಗ್ಲೇ ರಾಗ ಎಳೀತಿದಾರೆ. ಇಲ್ಲೇ ಮಲಗಿಸ್ಕೋತಾರೆ ಅಷ್ಟೆ."

"ಮಲಗಿಸ್ಕೊಂಡ್ರೆ ಏನಮ್ಮಾ?"

"ನಮ್ಮನೇಲಿ ಯಾರೂ ಆಸ್ಪತ್ರೇಲಿ ಹೆತ್ತಿಲ್ಲ. ನಿನ್ನ ಹೆತ್ತಿದ್ದೂ ಮನೇಲಿರೋ ಆ ಮಂಚದ ಮೇಲೇನೇ. ಸೂಲಗಿತ್ತಿ ಬಗ್ಗಿ ಬಗ್ಗಿ ಸೊಂಟ ನೋಯಿಸ್ಕೋಬಾರ್ದು ಅಂತ ನಿನ್ನ ಗಂಡ ವೀಬೆ ಅದರ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಿದಾನೆ."

"ಆ ಸೂಲಗಿತ್ತೀನೇ ಅಲ್ವಾ ನನ್ನ ಇಲ್ಲಿಗೆ ಕಳ್ಸಿದ್ದು?"

"ಅವಳೊಬ್ಬಳು ಹೆದರುಪುಕ್ಲಿ. ಒಂದು ಕಾಫಿ ಕುಡಿ, ಸರಿಹೋಗತ್ತೆ."

"ಅಮ್ಮಾ..."

"ಮತ್ತೇನು?"

"ಬೆಳಿಗ್ಗೆಯಿಂದ ಕಣ್ಮುಂದೆ ಮಿಂಚಿದ ಹಾಗಾಗ್ತಿದೆ. ಈಗ ನಿನ್ನ ಮುಖಾನೇ ಅರ್ಧ ಕಾಣ್ತಿಲ್ಲ."

ತಾಯಿ ಮಗಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಹಿಲ್ಕೆಯ ಹೆಸರು ಕೂಗಿದಳು.

"ಅವರು ಆಮೇಲೆ!" ತಾಯಿ ಎದ್ದು ನಿಂತಿದ್ದಳು. "ನನ್ನ ಮಗಳಿಗೆ ಕಣ್ಣು ಕಾಣ್ತಿಲ್ಲ. ಮೊದಲು ಇವಳ್ನ ನೋಡಿ!"

ಹಿಲ್ಕೆ ಕೂತಲ್ಲಿಂದ ಏಳಲಿಲ್ಲ. ನರ್ಸ್ ಓಡಿಹೋಗಿ ಗಾಲಿಕುರ್ಚಿ ತಂದಳು. ಕಾರಿಡಾರಿನ ತಿರುವು ದಾಟುವವರೆಗೂ ತಾಯಿಯ ದನಿ ಕೇಳುತ್ತಲೇ ಇತ್ತು.

"ವೀಬೆಗೆ ಈಗ್ಲೇ ಫೋನ್ ಮಾಡ್ತೀನಿ ಕಣೇ. ಆ ದಿಮ್ಮಿ ತೆಗೆದು ಮಂಚ ಇಳಿಸ್ಲಿ."