ಅಳತೆಯ ದಿನದ ನೀರು

ಶಿಡ್ಲಘಟ್ಟ ಬಸ್‌ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕುಳಿತಿದ್ದರು. ಕಿರಿಯವಳ ಮಡಿಲಿನ ಚೀಲದಲ್ಲಿ ಬೂದಿ ಬಳಿದಂತಿದ್ದ ಹಿಪ್ಪುನೇರಳೆ ಸೊಪ್ಪು.

“ಎಲ್ಲಿಗಮ್ಮ ರಾಧಾಮಣಿ, ಸೊಪ್ಪು ಹಿಡ್ಕೊಂಡು?”

“ಮಾಲಿನ್ಯದ ಆಫೀಸಿಗೆ ಕಣಕ್ಕ. ಊರ ಪಕ್ಕದ ಕಲ್ಲುಪುಡಿ ಫ್ಯಾಕ್ಟ್ರೀನ ಜಾಸ್ತಿ ಮಾಲಿನ್ಯ ಮಾಡೋರ ಕೆಂಪು ಪಟ್ಟಿಗೆ ಹಾಕಿ ಅಂತ ಕೇಳ್ತೀನಿ. ಈ ಧೂಳಿನ ಸೊಪ್ಪು ನಮ್ಮ ರೇಷ್ಮೆಹುಳ ಮುಟ್ತಿಲ್ಲ.”

“ಆಫೀಸಿನೋರು ಮೊನ್ನೆ ಬಂದು ಧೂಳು ಅಳೆದ್ರಲ್ಲೇ?”

“ಧೂಳು ಕಮ್ಮಿ ಅಂತ ಅದಕ್ಕಿಂತ ಕೆಳಗಿನ ಕಿತ್ತಳೆ ಪಟ್ಟಿಗೆ ಬರ್ಕೊಂಡ್ರು. ಅವತ್ತು ಬೆಳಗ್ಗೆಯಿಂದ ಫ್ಯಾಕ್ಟ್ರಿಯೋರು ಧೂಳು ಏಳ್ದಂಗೆ ಟ್ಯಾಂಕರಲ್ಲಿ ನೀರು ಹೊಡ್ದಿದ್ರು.”

“ಈ ಬಿಸಿಲಲ್ಲಿ ಅಷ್ಟು ನೀರು ಯಾರು ಕೊಟ್ರೋ?”

ರಾಧಾಮಣಿ ಒಂದು ಎಲೆಯನ್ನು ಸೆರಗಿನಿಂದ ಒರೆಸಿದಳು.

“ನಮ್ಮ ಬೋರ್‌ವೆಲ್ಲೇ ಅಕ್ಕ. ರಸ್ತೆ ಧೂಳು ಕೂರ್ಸೋಕೆ ಅಂದ್ರು. ಒಳ್ಳೇದೇ ಆಯ್ತು ಅಂತ ನಾನೇ ಮೋಟ್ರು ಹಾಕ್ದೆ.”

“ನಿನ್ನ ನೀರಲ್ಲೇ ಅವ್ರು ಪಾಸಾದ್ರು ಅನ್ನು. ಅದನ್ನೂ ಹೇಳ್ತೀಯ ಅಲ್ಲಿ?”

“ಅದನ್ನೇ ಮೊದ್ಲು ಹೇಳ್ಬೇಕು.”

ಬಸ್ಸು ಬಂತು. ಚೀಲವನ್ನು ಹುಳದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಅವಳು ಹತ್ತಿದಳು.