ಹಣೆಗೆ ಕಟ್ಟಿದ ಹಿತ್ತಾಳೆ ಬಿಲ್ಲೆ

ನಾರಿನ್ ಕಣಿವೆಯ ಮೇಲಿನ ಹುಲ್ಲುಗಾವಲಿನಲ್ಲಿ ಆ ಸಂಜೆ ಜೋರು ಮಳೆ ಹಿಡಿದಾಗ ನಾವು ನಾಲ್ಕೈದು ಮಂದಿ ಕಲ್ಬುಬು ಅಜ್ಜಿಯ ಉಣ್ಣೆ ಗುಡಾರದೊಳಗೆ ಸೇರಿಕೊಂಡೆವು. ಹುಳಿ ಬಂದ ಕುದುರೆ ಹಾಲಿನ ಬಟ್ಟಲು ಕೈಯಿಂದ ಕೈಗೆ ದಾಟುತ್ತಿತ್ತು. ಯಾರೋ ಯುದ್ಧದ ಪದಕಗಳ ಮಾತೆತ್ತಿದರು. ಅಜ್ಜಿ ಒಲೆಗೆ ಇನ್ನೊಂದು ಬೆರಣಿ ಹಾಕಿ ಶುರುಮಾಡಿದರು.

“ಪದಕ ಅಂದ್ಕೊಂಡೇ ನಮ್ಮೆಜಮಾನ್ರು ಬೈಶೆನಾಲಿನೂ ಮೋಸಹೋದ್ರು ಕಣ್ರಪ್ಪಾ. ಹಳೇ ಲಾಯದ ಗೋಡೆ ಕುಸಿದಾಗ ಮಣ್ಣಲ್ಲಿ ಸಿಕ್ತು... ಅಂಗೈ ಅಗಲದ ಹಿತ್ತಾಳೆ ಬಿಲ್ಲೆ. ನಡುವೆ ನಕ್ಷತ್ರ, ಕೆಳಗೆ ಜರ್ಮನ್ನರ ಜೊತೆ ಯುದ್ಧ ನಡೀತಿದ್ದ ವರ್ಷದ ಅಂಕಿ, ಎರಡು ಪಕ್ಕಕ್ಕೂ ತೂತು. ಅವ್ರಿಗೋ ಇಂಥದ್ದು ಕೂಡಿಹಾಕೋ ಹುಚ್ಚು. ಪೇಟೇಲಿ ಒಬ್ಬ ಬೆಲ್ಟಿಂದು ಅಂದ, ಇನ್ನೊಬ್ಬ ಬಾಗಿಲಿಗೆ ಹೊಡೆಯೋದು ಅಂದ. ‘ಹಾಲಿನ ಚೆಂಬಿಗೆ ಮುಚ್ಚಳ ಮಾಡ್ಕೋತೀನಿ, ಕೊಡಿ ಇತ್ಲಾಗೆ’ ಅಂತ ನಾನು ರೇಗಿಸ್ತಿದ್ದೆ.

“ಒಂದಿನ ಮಧ್ಯಾಹ್ನ ಆ ತೂತಿಗೆ ಚರ್ಮದ ಪಟ್ಟಿ ಪೋಣಿಸಿ, ತಮಾಷೆಗೆ ನಮ್ಮ ಕುಂಟು ಹೆಣ್ಗುದುರೆ ಹಣೆಗೆ ಕಟ್ಟಿದ್ರು ನೋಡಿ... ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಳ್ತು. ಕುದುರೆ ಕಿವಿ ನಿಮಿರಿಸ್ತು. ಕುಂಟು ಎಲ್ಲಿ ಹೋಯ್ತೋ ಏನೋ, ನೆಟ್ಟಗೆ ಹೊಳೆದಂಡೆ ಬಯಲಿಗೆ ನಡೀತು. ಅದರ ಹಿಂದೆ ಏನೂ ಇಲ್ಲ... ಆದ್ರೆ ಹುಲ್ಲು ಬಾಗ್ತಾ ಬರ್ತಿದೆ, ಗೊರಸಿನ ಸದ್ದು ಕಿವಿ ತುಂಬ್ತಿದೆ. ನೀವೇ ಹೇಳಿ, ಗಾಳಿಯಿಲ್ಲದೆ ಹುಲ್ಲು ಸಾಲುಸಾಲಾಗಿ ಮಲಗುತ್ತಾ?

“ಕಣ್ಣು ಮಂಜಾಗಿದ್ದ ನಮ್ಮತ್ತೆ ಬಾತ್ಮಾ ಆ ಸದ್ದು ಹಿಡ್ಕೊಂಡೇ ಹೊರಗೆ ಬಂದ್ರು. ಬಿಲ್ಲೆ ಮುಟ್ಟಿ ನೋಡಿದ್ರು. ‘ಇದು ನಮ್ಮ ಸಮೋವಾರ್ ಕಣೋ’ ಅಂದ್ರು ಮಗನಿಗೆ. ಊರಿನ ಕುದುರೆಗಳನ್ನೆಲ್ಲಾ ಅದೇ ಬಯಲಿಂದ ಯುದ್ಧಕ್ಕೆ ಹೊಡ್ಕೊಂಡು ಹೋಗಿದ್ರಂತೆ. ಅವುಗಳ ನೆನಪಿಗೆ ಅಂತ ಹೆಂಗಸರು ಚಹಾ ಕಾಸೋ ಸಮೋವಾರ್ ಕರಗಿಸಿ ಇದನ್ನ ಎರಕ ಹೊಯ್ಸಿದ್ರಂತೆ. ಮೊದಲು ವಾಪಸ್ ಬಂದ ಕುದುರೆ ಹಣೆಗೆ ಕಟ್ಟೋಣ, ಅದು ಮಿಕ್ಕವಕ್ಕೆ ದಾರಿ ತೋರ್ಸಲಿ ಅಂತ. ಒಂದೂ ಬರಲಿಲ್ಲ... ಕಟ್ಟೋಕೆ ಹಣೆಯೇ ಸಿಗಲಿಲ್ಲ. ಗೋಡೇಲಿ ಹುದುಗಿಸಿಟ್ರಂತೆ.

“ಅತ್ತೆ ಉಪ್ಪಿನ ಹರಳು ಅಂಗೈಲಿಟ್ಟು, ಯುದ್ಧಕ್ಕೆ ಹೋದ ತಮ್ಮ ಕೆಂಬಣ್ಣದ ಕುದುರೆ ಹೆಸರು ಹಿಡಿದು, ‘ಜೀರ್ದೆ, ಬಾರೋ ನನ್ನಪ್ಪಾ’ ಅಂತ ಕೈ ಚಾಚಿದ್ರು. ಬರೀ ಗಾಳಿ ಎದುರಿಗೆ. ಅವರ ತೋಳಿನ ಬಟ್ಟೆ ಉಸಿರು ಬಡಿದ ಹಾಗೆ ಅಲ್ಲಾಡ್ತು. ಉಪ್ಪು ಒದ್ದೆಯಾಯ್ತು... ನಮ್ಮ ಕಣ್ಣೆದುರೇ ಸವೀತಾ ಸವೀತಾ ಕರಗೋಯ್ತು. ನಮ್ಮೆಜಮಾನ್ರು ಟೋಪಿ ತೆಗೆದು ನಿಂತ್ಕೊಂಡ್ರು.

“ಆ ಕುದುರೆ ತೀರ್ಕೊಂಡ್ಮೇಲೆ ಬಿಲ್ಲೆ ಅದರ ಮರಿಗೆ ಕಟ್ಟಿದ್ವಿ. ನೀವೆಲ್ಲಾ ಜೀಪಲ್ಲಿ ಬಂದೋರು. ಹಾಲು ಕೊಡೋ ಕುದುರೆಗಳೆಲ್ಲಾ ಕೆಳಗಿನ ಕಣಿವೇಲಿವೆ. ಇವತ್ತು ಈ ಗುಡ್ಡದ ಮೇಲೆ ಇರೋ ಕುದುರೆ ಅದೊಂದೇ...”

ಅಜ್ಜಿ ತಲೆ ಎತ್ತಿದರು. ಮಳೆ ನಿಂತಿತ್ತು.

“ಈಗ ಸುಮ್ನೆ ಕೇಳಿಸ್ಕೊಳ್ಳಿ... ಹುಲ್ಲು ಮೇಯೋ ಆ ಸದ್ದು ಒಂದು ಕುದುರೇದಾ?”