ಮರದ ಬಿರುಕು ಕೇಳಿದವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹೊಲಗದ್ದೆ ಇತ್ತೇ? ಇಲ್ಲ. ಪೆಟ್ಟಿಗೆ ತುಂಬ ಬಂಗಾರ? ಅದೂ ಇಲ್ಲ. ಅವನ ಐಶ್ವರ್ಯವೆಲ್ಲ ಇದ್ದದ್ದು ಕಿವಿಯಲ್ಲಿ. ನೋಡಿ, ಪ್ರಾರ್ಥನೆ ಎಂದರೆ ದೇವರಿಗೆ ಹೇಳುವುದಷ್ಟೇ ಅಲ್ಲ, ಕೇಳಿಸಿಕೊಳ್ಳುವುದೂ ಹೌದು ಎಂದು ಈ ಪ್ರಾರ್ಥನಾಕೂಟದಲ್ಲಿ ಇಷ್ಟು ಹೊತ್ತು ಮಾತಾಡುತ್ತಿದ್ದೆವಲ್ಲ, ಅದಕ್ಕೇ ಈ ಮನುಷ್ಯನ ಕಥೆ ಹೇಳುತ್ತಿದ್ದೇನೆ.

ಅವನ ಹೆಸರು ಇನ್ನಾಸಪ್ಪ. ರೇಷ್ಮೆ ಬೆಳೆಯುವ ಸೀಮೆಯ ಸಣ್ಣ ಪೇಟೆಯೊಂದರಲ್ಲಿ ಬಡಗಿ. ಬಾಗಿಲು, ಕಿಟಕಿ, ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆ, ಹೀಗೆ ಮಾಡಿಕೊಂಡಿದ್ದ. ಆ ಊರಿನ ಚರ್ಚಿಗೆ ಸ್ಪೇನ್ ದೇಶದ ಪಾದ್ರಿಯೊಬ್ಬರು ಬಂದರು. ಜೊತೆಗೆ ತಂದಿದ್ದ ಅವರ ಗಿಟಾರು ನಮ್ಮ ಬೇಸಿಗೆಯ ಬಿಸಿಲು ತಾಳದೆ ಬೆನ್ನು ಸೀಳಿಕೊಂಡಿತು. ರಿಪೇರಿಗೆಂದು ಇನ್ನಾಸಪ್ಪನ ಕೈಗೆ ಬಂತು. ಅವನು ಅದನ್ನು ಎತ್ತಿ ನೋಡಿದ. ಒಣಗಿದ ಸೋರೆಬುರುಡೆಯಷ್ಟು ಹಗುರ!

"ಇದು ಫ್ಲಮೆಂಕೊ ಗಿಟಾರು ಕಣಪ್ಪ," ಎಂದರು ಪಾದ್ರಿ. "ನಮ್ಮಲ್ಲಿ ಇದನ್ನು ನುಡಿಸುವಾಗ ಒಬ್ಬಳು ಹಿಮ್ಮಡಿ ಬಡಿದು ಕುಣಿಯುತ್ತಾಳೆ, ಸುತ್ತ ಕೂತವರು ಚಪ್ಪಾಳೆ ತಟ್ಟುತ್ತಾರೆ. ಅಷ್ಟೆಲ್ಲ ಸದ್ದು ಸೀಳಿಕೊಂಡು ಇದರ ದನಿ ಬರಬೇಕು. ಒಗ್ಗರಣೆ ಸಿಡಿದ ಹಾಗೆ ಸಿಡಿಯಬೇಕು, ಅಷ್ಟೇ ಬೇಗ ಆರಬೇಕು."

ಪಾದ್ರಿ ಮುಂದೆ ತಮ್ಮ ದೇಶಕ್ಕೆ ಹಿಂದಿರುಗಿದರು. ಗಿಟಾರಿನ ಹುಚ್ಚು ಮಾತ್ರ ಇನ್ನಾಸಪ್ಪನಲ್ಲೇ ಉಳಿಯಿತು. ಸ್ಪೇನಿನಲ್ಲಿ ಬಳಸುವ ಸೈಪ್ರೆಸ್ ಮರ ಇಲ್ಲೆಲ್ಲಿ ಸಿಗಬೇಕು? ಇವನು ನಮ್ಮ ಮರಗಳನ್ನೇ ಹಿಡಿದ. ಒಂದೊಂದನ್ನೂ ತಟ್ಟಿ ಸದ್ದು ಕೇಳಿ, ಬೀಟೆ ತೀರ ಗಂಭೀರ, ತೇಗ ಸೋಮಾರಿ, ಹಲಸು ಪರವಾಗಿಲ್ಲ ಎಂದ. ಒಮ್ಮೆ ಹೊಲದ ಬದುವಿನಲ್ಲಿ ಯಾರೋ ಕಡಿದು ಸೌದೆಗೆ ಹಾಕಿದ್ದ ಮುದಿ ಹಿಪ್ಪುನೇರಳೆಯ ದಿಮ್ಮಿ ಕಂಡಿತು. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತೇವಲ್ಲ, ಅದೇ ಗಿಡ, ಬಿಟ್ಟರೆ ಮರವಾಗುತ್ತದೆ. ಹೊತ್ತು ತಂದು ಕೊಯ್ಯಿಸಿ, ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿ, ಅರಿಸಿನ ಬಣ್ಣದ ಆ ಹಲಗೆಯನ್ನು ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸಿ ಒಂದು ಗಿಟಾರು ಮಾಡಿದ. ತಂತಿ ಮೀಟಿದ. ಸಿಡಿಯಿತು ನೋಡಿ! ಪಾದ್ರಿ ಹೇಳಿದ್ದ ಅದೇ ದನಿ.

ಅಲ್ಲಿಂದ ಅವನ ಹೆಸರು ಗೋವಾದ ತನಕ ಹೋಯಿತು. ಹಲಗೆಯ ಮೂಲೆಯನ್ನು ಎರಡು ಬೆರಳಲ್ಲಿ ತೂಗಿ ಹಿಡಿದು, ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ, "ಇದರೊಳಗೆ ಬಿರುಕಿದೆ, ಬೇಡ," ಎನ್ನುತ್ತಿದ್ದ. ಸಾಮಿಲ್ಲಿನವರು ನಗುತ್ತಿದ್ದರು. ಕೊಯ್ದು ನೋಡಿದರೆ ಒಳಗೆ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತಿತ್ತು. ಅಂಥ ಕಿವಿ!

ಈ ಕಿವಿಗೆ ಮನೆಯಲ್ಲಿ ನಿಶ್ಶಬ್ದ ಬೇಕಿತ್ತು. ಅವನ ಹೆಂಡತಿ ರೆಜಿನಮ್ಮ ಹಾಡುಗಾತಿ. ಚರ್ಚಿನ ಗಾನವೃಂದದಲ್ಲಿ ಎಲ್ಲರಿಗಿಂತ ಮೊದಲು ದನಿ ಎತ್ತುತ್ತಿದ್ದವಳು. ಮನೆಯಲ್ಲೂ ಪಾತ್ರೆ ಬೆಳಗುತ್ತ, ಅಕ್ಕಿ ಆರಿಸುತ್ತ ಹಾಡಿಕೊಳ್ಳುತ್ತಿದ್ದಳು. ಇನ್ನಾಸಪ್ಪ ಕೆಲಸದ ಕೋಣೆಯಿಂದ ಕೂಗುತ್ತಿದ್ದ: "ಸ್ವಲ್ಪ ಸುಮ್ಕಿರೇ! ಮರದ ಸದ್ದು ಕೇಳಿಸ್ತಿಲ್ಲ." ಅವಳು ಸುಮ್ಮನಾಗುತ್ತಿದ್ದಳು. ಮರೆತು ಮತ್ತೆ ಹಾಡುತ್ತಿದ್ದಳು. ಮತ್ತೆ ಇವನು ಗದರುತ್ತಿದ್ದ.

ಒಂದು ಮಧ್ಯಾಹ್ನ ಅವಳು ಕೋಣೆಯ ಹೊಸಿಲ ಬಳಿ ಬಂದು ನಿಂತಳು. ಇವನು ಹಲಗೆಗೆ ಕಿವಿ ಹಚ್ಚಿ ತಟ್ಟುತ್ತಿದ್ದ.

"ರೀ, ಗಂಟಲಲ್ಲಿ ಏನೋ ಸಿಕ್ಕಾಕ್ಕೊಂಡಂಗೆ ಆಯ್ತದೆ. ದನಿನೂ ಒಡೀತಾ ಅದೆ."

"ಹೂಂ."

"ಒಂದ್ಸಲ ಡಾಕ್ಟ್ರ ತಾವ ಹೋಗಿ ಬರಾನಾ ಅಂತ."

"ಹೂಂ, ಹೂಂ."

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಇವನು ತಲೆ ಎತ್ತಲಿಲ್ಲ. ಅವಳು ಒಳಗೆ ಹೋದಳು.

ಮುಂದೆ ಒಂದೊಂದಾಗಿ ಏನಾಯಿತು ಕೇಳಿ. ಅವಳು ಊಟಕ್ಕೆ ಕೂಗುವುದನ್ನು ಬಿಟ್ಟಳು, ತಟ್ಟೆಗೆ ಚಮಚ ಬಡಿಯತೊಡಗಿದಳು. ಕೂಗಲು ದನಿ ಹೊರಡುತ್ತಿರಲಿಲ್ಲ. ಇನ್ನಾಸಪ್ಪನಿಗೆ ಖುಷಿಯೇ ಆಯಿತು! "ಇದು ವಾಸಿ ಕಣೇ, ಕಿರುಚೋದಕ್ಕಿಂತ," ಎಂದ. ಭಾನುವಾರ ಅವಳು ಗಾನವೃಂದದ ಸಾಲು ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರತೊಡಗಿದಳು. ಹೊಸ ಹುಡುಗಿಯರಿಗೆ ಜಾಗ ಬಿಟ್ಟಿರಬೇಕು ಎಂದುಕೊಂಡ. ಅಡುಗೆಮನೆಯ ಹಾಡು ನಿಂತಿತು. ಮನೆ ಕೊನೆಗೂ ತಣ್ಣಗಾಯಿತು, ಈಗ ಕೆಲಸ ಸರಾಗ ಎಂದುಕೊಂಡ. ಅಷ್ಟು ಒಳ್ಳೆಯ ಗಿಟಾರುಗಳನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಆಗ ಗೋವಾದಿಂದ ಒಬ್ಬ ವಾದಕ ಬಂದ. ಹಿಪ್ಪುನೇರಳೆಯ ಗಿಟಾರೇ ಬೇಕೆಂದು ದೂರದಿಂದ ಬಂದವನು. ರೆಜಿನಮ್ಮ ಕಾಫಿ ತಂದಿಟ್ಟು, "ತಗೊಳ್ಳಿ ಸಾರ್, ಆರೋಯ್ತದೆ," ಎಂದಳು. ಅಷ್ಟೇ ಮಾತು. ವಾದಕ ಕೈಯಲ್ಲಿದ್ದ ಗಿಟಾರನ್ನು ಮೆಲ್ಲಗೆ ಕೆಳಗಿಟ್ಟ.

"ಅಮ್ಮಾ, ನಿಮ್ಮ ದನಿ ಎಷ್ಟು ದಿನದಿಂದ ಹೀಗಿದೆ?"

ಅವಳು ಗಂಡನ ಕಡೆ ನೋಡಿದಳು. "ಮಳೆಗಾಲಕ್ಕೂ ಮುಂಚಿಂದ."

"ನಮ್ಮ ತಾಯಿಗೂ ಹೀಗೇ ಶುರುವಾಗಿತ್ತು. ಇವತ್ತೇ ತೋರಿಸಿ, ಅಣ್ಣ. ಗಿಟಾರು ಆಮೇಲೆ ನೋಡೋಣ."

ಇನ್ನಾಸಪ್ಪ ಆಗ ಕೇಳಿಸಿಕೊಂಡ. ಗರಗಸದ ಹಲ್ಲು ಕಲ್ಲಿಗೆ ಉಜ್ಜಿದಂಥ ದನಿ. ಇಷ್ಟು ತಿಂಗಳು ತನ್ನ ಮನೆಯಲ್ಲೇ, ತನ್ನ ಊಟದ ತಟ್ಟೆಯ ಮುಂದೆಯೇ ಆ ದನಿ ಇತ್ತು. ಆಗಲೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಹೇಳಿದರು: "ಗಂಟಲಿನ ಕ್ಯಾನ್ಸರು. ಜೀವ ಉಳಿಸಬಹುದು. ಆದರೆ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಮೊದಲೇ ಬಂದಿದ್ದರೆ ದನಿಯನ್ನೂ ಉಳಿಸಬಹುದಿತ್ತೇನೋ."

ವರಾಂಡದ ಬೆಂಚಿನಲ್ಲಿ ಕೂತು ಅವನು ಹೆಂಡತಿಯ ಮೇಲೆಯೇ ರೇಗಿದ. ಭಯ ಬಿದ್ದ ಗಂಡಸು ಹಾಗೆಯೇ ಅಲ್ಲವೇ? "ಮೊದಲೇ ಯಾಕೆ ಹೇಳಲಿಲ್ಲ ನೀನು?"

ರೆಜಿನಮ್ಮನಿಗೆ ಕೋಪ ಬರಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಹೇಳ್ದೆ ಕಣ್ರೀ. ಬಂದು ನಿಂತ್ಕಂಡು ಹೇಳ್ದೆ. ನೀವು ಹೂಂ ಅಂದ್ರಿ."

ಆಪರೇಷನ್ ಆಯಿತು. ರೆಜಿನಮ್ಮ ಬದುಕಿದಳು. ದನಿ ಹೋಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಇನ್ನಾಸಪ್ಪ ಒಂದು ಗಿಟಾರು ಮಾಡಲು ಕೂತ. ಯಾರಿಗೂ ಮಾರುವುದಲ್ಲ, ರೆಜಿನಮ್ಮನ ದನಿಗೆ ಹತ್ತಿರದ್ದು, ಅವಳ ಕೈಗೆ ಕೊಡಲಿಕ್ಕೆ. ಅಟ್ಟದ ಮೇಲಿದ್ದ ಹಲಗೆಗಳನ್ನೆಲ್ಲ ಇಳಿಸಿದ. ಹಿಪ್ಪುನೇರಳೆ ತಟ್ಟಿದ, ಹಲಸು ತಟ್ಟಿದ, ಹೆಬ್ಬೇವು ತಟ್ಟಿದ. ಇದಾ? ಇದಲ್ಲ. ಇದಾ? ಆಗ ಅವನಿಗೆ ಹೊಳೆಯಿತು, ಅವಳ ದನಿ ಹೇಗಿತ್ತೆಂದು ಅವನಿಗೆ ನೆನಪೇ ಇಲ್ಲ! ಎಂದೋ ತಟ್ಟಿದ ಹಲಗೆಯ ಸದ್ದು ನೆನಪಿದೆ. ಜೊತೆಗೆ ಬಾಳಿದವಳ ಹಾಡು ನೆನಪಿಲ್ಲ. ಹೇಗೆ ನೆನಪಿರುತ್ತದೆ? ಕೇಳಿಸಿಕೊಂಡಿದ್ದರೆ ತಾನೆ?

ಗಾನವೃಂದದ ಫಿಲೋಮಿನಮ್ಮನ ಮನೆಗೆ ಓಡಿದ. "ಅಕ್ಕಾ, ಅವಳ ಹಾಡು ಯಾವುದಾದ್ರೂ ಕ್ಯಾಸೆಟ್ಟಲ್ಲಿ, ಫೋನಲ್ಲಿ ಇದೆಯಾ?"

"ಇಲ್ಲ ಇನ್ನಾಸಪ್ಪ. ಯಾರು ಹಿಡಿದಿಡ್ತಾರೆ? ಅವಳು ಯಾವಾಗ್ಲೂ ಇರ್ತಾಳೆ ಅನ್ಕಂಡಿದ್ವಿ."

"ಹೆಂಗೆ ಹಾಡ್ತಿದ್ಲು? ಒಂದು ಸಾಲು ತೋರ್ಸು."

ಫಿಲೋಮಿನಮ್ಮ ಕಣ್ಣು ಮುಚ್ಚಿ, ರೆಜಿನಮ್ಮ ಸಾಲಿನ ಕೊನೆಯನ್ನು ಹೇಗೆ ಎಳೆದು ಮೆಲ್ಲಗೆ ಇಳಿಸುತ್ತಿದ್ದಳೋ ಹಾಗೆಯೇ ಹಾಡಿ ತೋರಿಸಿದಳು. ಅವನು ತಲೆ ಬಗ್ಗಿಸಿ ಕೇಳಿದ. "ಹೌದಾ? ಹಿಂಗೇ ಹಾಡ್ತಿದ್ಲಾ ಅವಳು?"

"ಇದೇನು ನನ್ನ ಕೇಳ್ತೀಯ? ಮನೇಲಿ ಇದ್ದವನು ನೀನಲ್ವಾ?"

ಅವನು ಎದ್ದು ಬಂದ. ಆ ಗಿಟಾರನ್ನು ಅವನು ಕೊನೆಗೂ ಮಾಡಲಿಲ್ಲ. ಮಾಡಲಾಗಲಿಲ್ಲ. ಬೇರೆಯವರಿಗೆ ಮಾಡುತ್ತಾನೆ, ಈಗಲೂ ಮಾಡುತ್ತಾನೆ. ಆದರೆ ಹೊಸಿಲ ಬಳಿ ರೆಜಿನಮ್ಮನ ನೆರಳು ಕಂಡರೆ ಸಾಕು, ಉಳಿ ಕೆಳಗಿಟ್ಟು ಅವಳ ತುಟಿ ನೋಡುತ್ತಾನೆ. ಅವಳು ಏನು ಹೇಳುತ್ತಿದ್ದಾಳೆಂದು ಒಂದೊಂದು ಸಲ ಗೊತ್ತಾಗುತ್ತದೆ. ಒಂದೊಂದು ಸಲ ಗೊತ್ತಾಗುವುದಿಲ್ಲ. ಆಗ ಅವಳೇ ಹೋಗಲಿ ಬಿಡಿ ಎಂಬಂತೆ ಕೈ ಆಡಿಸಿ ಒಳಗೆ ಹೋಗುತ್ತಾಳೆ. ಅವನು ಬಾಗಿಲನ್ನೇ ನೋಡುತ್ತ ಕೂರುತ್ತಾನೆ.

ಇನ್ನಾಸಪ್ಪ ಕೆಟ್ಟವನೇ, ಹೇಳಿ? ಕುಡಿದನೇ? ಹೊಡೆದನೇ? ಪರಸ್ತ್ರೀ ಸಹವಾಸ ಮಾಡಿದನೇ? ಪಾಪನಿವೇದನೆಗೆ ಹೋಗಿ ಮೊಣಕಾಲೂರಿದರೆ ಹೇಳಿಕೊಳ್ಳಲು ಅವನ ಬಳಿ ಒಂದು ಪಾಪವೂ ಇರಲಿಲ್ಲ. ಒಂದು "ಹೂಂ" ಬಿಟ್ಟರೆ.

ಈಗ ನಿಮ್ಮನ್ನು ಕೇಳುತ್ತೇನೆ. ನಿನ್ನೆ ನಿಮ್ಮ ಮನೆಯಲ್ಲಿ ಎಷ್ಟು ಹೂಂ ಆಯಿತು? ಮೊಬೈಲ್ ನೋಡುತ್ತ ಮಗಳಿಗೆ ಒಂದು ಹೂಂ. ಟಿವಿ ನೋಡುತ್ತ ಅತ್ತೆಗೆ ಒಂದು ಹೂಂ. ಅಮ್ಮಂದಿರೇ, ನಗಬೇಡಿ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ. ಗಂಡ ದುಡಿದು ಬಂದು ಚಪ್ಪಲಿ ಬಿಡುತ್ತ ಏನೋ ಅಂದರೆ, ಒಗ್ಗರಣೆಯ ಮುಂದೆ ನಿಂತು ನೀವು ಅನ್ನುವುದೂ ಹೂಂ. ನಾವು ಕಿವುಡರಲ್ಲ. ಪಕ್ಕದ ಮನೆಯ ಜಗಳ ಗೋಡೆಯಾಚೆಯಿಂದ ಕೇಳಿಸುತ್ತದೆ. ಹಳೆ ಸ್ಕೂಟರಿನ ಎಂಜಿನ್ನಿನಲ್ಲಿ ಸಣ್ಣ ಸದ್ದು ಬಂದರೆ ಮೆಕ್ಯಾನಿಕ್ ಹತ್ತಿರ ಓಡುತ್ತೇವೆ. ಮಗನ ದನಿ ಮೊನ್ನೆಯಿಂದ ಸಣ್ಣದಾಗಿದೆ, ಅದು ಕೇಳಿಸಿತೇ? ದಿನವೂ ಗೊಣಗುತ್ತಿದ್ದ ತಾಯಿ ಈಚೆಗೆ ಗೊಣಗುತ್ತಿಲ್ಲ, ಮನೆ ತಣ್ಣಗಾಯಿತು ಎಂದು ಖುಷಿಪಟ್ಟಿರೋ, ಯಾಕೆಂದು ಕೇಳಿದಿರೋ?

ಇಂದಿನಿಂದ ಹೀಗೆ ಮಾಡಿ. ಮನೆಯವರು ಮಾತಾಡಲು ಬಂದರೆ ಕೈಯಲ್ಲಿದ್ದದ್ದನ್ನು ಕೆಳಗಿಡಿ. ಮುಖ ತಿರುಗಿಸಿ. ಕೇಳಿಸದಿದ್ದರೆ, "ಏನಂದೆ? ಇನ್ನೊಂದ್ಸಲ ಹೇಳು," ಅನ್ನಿ. ಅಷ್ಟು ಮಾಡದವರ ಉಪವಾಸ, ಹರಕೆ, ಮೇಣದಬತ್ತಿ ಯಾವುದೂ ನನಗೆ ದೊಡ್ಡದಾಗಿ ಕಾಣುವುದಿಲ್ಲ.

ನಾಳೆಯಿಂದ ಎನ್ನಬೇಡಿ. ಪ್ರಾರ್ಥನೆಗೆ ಏಳುವ ಮೊದಲು, ಇಲ್ಲೇ, ನಿಮ್ಮ ಪಕ್ಕದಲ್ಲಿ ಕೂತಿರುವ ನಿಮ್ಮ ಮನೆಯವರ ಕಡೆ ತಿರುಗಿ, "ಹೇಗಿದ್ದೀಯ?" ಎಂದು ಕೇಳಿ. ಉತ್ತರ ಪೂರ್ತಿ ಮುಗಿಯುವ ತನಕ ಬಾಯಿ ತೆರೆಯಬೇಡಿ. ಅವಸರವಿಲ್ಲ. ನಾನು ಕಾಯುತ್ತೇನೆ.